ಕಾಪಿಟ್ಟ ನೆತ್ತರು

ಕಿರುಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ನಳಿಗೆ, ಅದಕ್ಕೊಂದು ತಿರುಪು ಮುಚ್ಚಳ, ಒಳಗೆ ಮುಕ್ಕಾಲು ಮಟ್ಟಕ್ಕೆ ತಿಳಿಯಾದ ಮದ್ಯಸಾರ, ಅದರ ತಳದಲ್ಲಿ ಇಟ್ಟಿಗೆಯ ಪುಡಿ ನೀರಿನಲ್ಲಿ ತಂಗಿದಂತೆ ತಂಗಿರುವ ಕಂದುಗೆಂಪು ಬಣ್ಣದ ಒಂದು ಚಿಟಿಕೆ ಗಷ್ಟು: ಹಕ್ಕಿಗಳ ಆಯುಷ್ಯವನ್ನು ಅಭ್ಯಾಸಮಾಡುವ ಪ್ರಯೋಗಶಾಲೆಗಳಲ್ಲಿ ಇಂಥವು ಸಾಲುಸಾಲಾಗಿ, ಸಾವಿರಗಟ್ಟಲೆಯಾಗಿ ನಿಂತಿರುತ್ತವೆ. ನಳಿಗೆಯನ್ನು ಅಲುಗಿಸಿದರೆ ಗಷ್ಟು ಹೊಗೆಯಂತೆ ಮೇಲೆದ್ದು ಸುಳಿದಾಡಿ, ಮತ್ತೆ ಮೆಲ್ಲಗೆ ತಳ ಸೇರುತ್ತದೆ. ಎಂದೋ ಒಂದು ಮುಂಜಾನೆ ಯಾವುದೋ ಒಂದು ಪುಟ್ಟ ಹಕ್ಕಿಯ ರೆಕ್ಕೆಯಡಿಯ ರಕ್ತನಾಳದಿಂದ ತೆಗೆದ ಎರಡು ತೊಟ್ಟು ನೆತ್ತರು ಅದು. ತಾರೀಖನ್ನೂ ಉಂಗುರದ ಸಂಖ್ಯೆಯನ್ನೂ ಬರೆದ ಚೀಟಿಯೊಂದು ಅದರ ಜೊತೆಗಿರುತ್ತದೆ. ಅನುಭವಸ್ಥರು ಅದನ್ನು ಸೀಸದ ಕಡ್ಡಿಯಲ್ಲಿಯೇ ಬರೆಯುವರು, ಏಕೆಂದರೆ ಶಾಯಿಯಲ್ಲಿ ಬರೆದುದನ್ನು ಮುಚ್ಚಳದ ಸಂದಿನಿಂದ ಒಸರಿದ ಒಂದು ಹನಿ ಮದ್ಯಸಾರ ಕ್ಷಣಮಾತ್ರದಲ್ಲಿ ತೊಳೆದುಬಿಡಬಲ್ಲುದು. ಹಾಗೆ ಹೆಸರಳಿದ ನೆತ್ತರು ಯಾವ ಹಕ್ಕಿಯದೂ ಅಲ್ಲ. ಅದನ್ನು ಚರಂಡಿಗೆ ಸುರಿದರೂ ನಷ್ಟವಿಲ್ಲ.

ನೆತ್ತರು ಕೊಟ್ಟ ಹಕ್ಕಿ ಸತ್ತು ಎಷ್ಟೋ ಕಾಲವಾಗಿರುತ್ತದೆ. ಅದರ ಎಲುಬು ಮಣ್ಣಿಗೆ ಸಂದಿದೆ, ಅದರ ಮರಿಗಳ ಮರಿಗಳು ಈಗ ಗೂಡು ಕಟ್ಟುತ್ತಿವೆ. ಆದರೂ ಆ ಗಷ್ಟನ್ನು ಹೊರತೆಗೆದು ಸರಿಯಾಗಿ ಪ್ರಶ್ನಿಸುವುದನ್ನು ಬಲ್ಲವರಿಗೆ, ಆ ಮುಂಜಾನೆ ಹಕ್ಕಿಯ ಬದುಕು ಎಷ್ಟು ಸವೆದಿದ್ದಿತು, ಮುಂದೆ ಅದು ಎಷ್ಟು ದಿನ ಬಾಳುವ ಸಂಭವವಿದ್ದಿತು ಎಂಬುದರ ಒಂದು ಸೂಚನೆ ಅದರಿಂದ ದೊರೆಯುತ್ತದೆ. ಈ ಸೂಚನೆ ಎಲ್ಲಿ ಅಡಗಿದೆ, ಅದನ್ನು ಅಳೆಯುವುದು ಹೇಗೆ, ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿವರಿಸುವುದಕ್ಕೆ ಈ ಲೇಖನ.

ಕಾಡಿನ ಹಕ್ಕಿಯ ವಯಸ್ಸನ್ನು ತಿಳಿಯುವುದು ಎಷ್ಟು ಕಷ್ಟವೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ದನದ ಜಾತ್ರೆಯಲ್ಲಿ ರೈತನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಇದು ನಾಲ್ಕು ಹಲ್ಲಿನದು, ಇದು ಬಾಯಿಗೂಡಿದುದು ಎಂದು ಹೇಳಿಬಿಡುತ್ತಾನೆ. ಮನುಷ್ಯರಿಗಾದರೋ ನರೆಯುಂಟು, ಸುಕ್ಕುಂಟು. ಹಕ್ಕಿಗೆ ಹಲ್ಲಿಲ್ಲ, ನರೆಯಿಲ್ಲ. ಮೊದಲ ಒಂದೆರಡು ವರ್ಷಗಳ ಎಳೆಗರಿ ಉದುರಿ ಹೊಸಗರಿ ಮೂಡಿದ ಮೇಲೆ ಮೂರು ವರ್ಷದ ಪುಟ್ಟ ಹಕ್ಕಿಗೂ ಹದಿಮೂರು ವರ್ಷದ ಪುಟ್ಟ ಹಕ್ಕಿಗೂ ಹೊರನೋಟಕ್ಕೆ ಭೇದವೇ ತೋರದು. ಮುಪ್ಪು ಅವುಗಳಿಗೆ ಬಾರದೆಂದಲ್ಲ. ಬಂದುದು ಒಳಗೇ ಬರುತ್ತದೆ.

ನಮ್ಮ ಹೆಂಗಸರು ಹೊಸ ರೇಷ್ಮೆಸೀರೆ ತಂದೊಡನೆ ಅದರ ಸೆರಗಿಗೆ ಕುಚ್ಚು ಕಟ್ಟಿಸುವುದುಂಟು. ಈಗ ಅದು ಬರಿಯ ಅಲಂಕಾರವೆಂದು ತೋರಬಹುದಾದರೂ, ಮಗ್ಗದಿಂದ ಕತ್ತರಿಸಿದ ಅಂಚಿನ ಎಳೆಗಳು ಒಂದೊಂದಾಗಿ ಬಿಚ್ಚಿ ಕಳಚಿಹೋಗದಂತೆ ಗಂಟು ಹಾಕಿ ನಿಲ್ಲಿಸುವ ಉಪಾಯವೂ ಅದರಲ್ಲಿದೆ. ಜೀವಕೋಶದ ಕೇಂದ್ರದೊಳಗಿರುವ ವರ್ಣತಂತುಗಳ ತುದಿಗಳಿಗೂ ಪ್ರಕೃತಿ ಇಂಥ ಕುಚ್ಚನ್ನು ಕಟ್ಟಿದೆ. ಕ್ಷಕಿರಣಗಳಿಂದ ಹಣ್ಣುನೊಣಗಳ ವರ್ಣತಂತುಗಳನ್ನು ಮುರಿದು ನೋಡುತ್ತಿದ್ದ ಹರ್ಮನ್ ಮುಲ್ಲರ್ ಎಂಬ ವಿಜ್ಞಾನಿ, ಎಲ್ಲಿ ಮುರಿದರೂ ತುದಿ ಮಾತ್ರ ವಿಶೇಷವಾದುದೆಂದು ಕಂಡು, 1938ರಲ್ಲಿ ಅದಕ್ಕೆ ಟೆಲೋಮಿಯರ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ತುದಿಯ ಭಾಗ ಎಂದು ಮಾತ್ರ. ಅದರ ರಚನೆ ತಿಳಿದುದು ಬಹುಕಾಲದ ಅನಂತರ. ಡಿ.ಎನ್.ಎ. ಎಂಬ ಎಳೆಯಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಬರಹವಿರುವುದಷ್ಟೆ. ಉಳಿದೆಡೆ ಆ ಅಕ್ಷರಗಳು ನಾನಾ ರೀತಿಯಲ್ಲಿ ಕೂಡಿ ದೇಹವನ್ನು ಕಟ್ಟುವ ನಿರೂಪಗಳನ್ನು ಒರೆದರೆ, ತುದಿಗೆ ಬಂದಾಗ ಟಿ ಟಿ ಎ ಜಿ ಜಿ ಜಿ ಎಂಬ ಆರಕ್ಷರದ ಒಂದೇ ಪದ ಸಾವಿರಾರು ಸಲ ಪುನರಾವೃತ್ತಿಯಾಗುತ್ತದೆ. ಮೀನು, ಕಪ್ಪೆ, ಹಾವು, ಹಕ್ಕಿ, ಮನುಷ್ಯ, ಎಲ್ಲರಲ್ಲಿಯೂ ಅದೇ ಪದ. ರಾಮಕೋಟಿ ಬರೆಯುವವರ ಪುಸ್ತಕವನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಅದರಲ್ಲಿ ಕಥೆಯಿಲ್ಲ; ಆದುದರಿಂದ ಕೊನೆಯ ಹತ್ತು ಹಾಳೆ ಹರಿದುಹೋದರೂ ಕಥೆ ಕೆಡುವುದಿಲ್ಲ.

ಹಾಳೆಗಳು ಹರಿದುಹೋಗುವುದಂತೂ ನಿಜ. ಜೀವಕೋಶವು ಒಂದು ಎರಡಾಗುವಾಗ ಈ ಬರಹವನ್ನೆಲ್ಲ ನಕಲು ಮಾಡಿಕೊಳ್ಳಬೇಕು; ನಕಲು ಮಾಡುವ ಕಿಣ್ವಕ್ಕೆ ಒಂದು ಸಂಕಟವಿದೆ. ಸಗಣಿ ಸಾರಿಸುವ ಹೆಂಗಸು ಹಿಂದೆ ಹಿಂದೆ ಸರಿಯುತ್ತ ಕೋಣೆಯ ನೆಲವನ್ನೆಲ್ಲ ಸಾರಿಸಿಬಿಡಬಹುದು, ಆದರೆ ಕಡೆಗೆ ಗೋಡೆಗೆ ಬೆನ್ನು ತಾಗಿದಾಗ ತಾನು ಕಾಲೂರಿರುವ ಅಂಗೈಯಗಲದ ತಾಣವನ್ನು ನಿಂತಲ್ಲಿಯೇ ನಿಂತು ಸಾರಿಸಲಾರಳು. ಹಾಗೆಯೇ ಈ ಕಿಣ್ವಕ್ಕೂ ಎಳೆಯ ಕಟ್ಟಕಡೆಯ ತುಣುಕು ಕೈಗೆ ಸಿಕ್ಕದೆ ಉಳಿಯುತ್ತದೆ. ಪ್ರತಿಯೊಂದು ವಿಭಜನೆಯಲ್ಲಿಯೂ ಕುಚ್ಚು ಒಂದಿಷ್ಟು ಗಿಡ್ಡವಾಗುತ್ತದೆ. ಮನುಷ್ಯನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರೆ ಅವು ಸುಮಾರು ಐವತ್ತು ಸಲ ವಿಭಜನೆಯಾಗಿ ನಿಂತುಬಿಡುತ್ತವೆಂಬುದನ್ನು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದ್ದನು. ಅದರ ಕಾರಣ ಈ ತುದಿಯ ಸವೆತವೇ ಇರಬೇಕೆಂದು ಮೊಟ್ಟಮೊದಲು ಊಹಿಸಿದವನು ಮಾಸ್ಕೋದ ಅಲೆಕ್ಸಿ ಓಲೊವ್ನಿಕೊವ್. ನೆಲದೊಳಗಿನ ರೈಲಿನ ನಿಲ್ದಾಣದಲ್ಲಿ ನಿಂತಿದ್ದಾಗ ಅವನಿಗೆ ಆ ಹೊಳಹು ಬಂದಿತಂತೆ; 1971ರಲ್ಲಿ ಅದನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸಿದನು, ಹೊರಗಿನವರು ಬಹುಕಾಲ ಗಮನಿಸಲಿಲ್ಲ. ತುದಿಯನ್ನು ಮತ್ತೆ ಬೆಳೆಸಬಲ್ಲ ಟೆಲೋಮರೇಸ್ ಎಂಬ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಶಿಷ್ಯೆ ಕ್ಯಾರೊಲ್ ಗ್ರೈಡರ್ 1984ರಲ್ಲಿ ಕೊಳದ ನೀರಿನ ಒಂದು ಏಕಕೋಶ ಜೀವಿಯಲ್ಲಿ ಕಂಡರು. ಅವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್ ಅವರಿಗೂ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇಷ್ಟು ಪೀಠಿಕೆ ಸಾಕು. ಈ ಅಭ್ಯಾಸಕ್ಕೆ ಹಕ್ಕಿ ಏಕೆ ಇಷ್ಟೊಂದು ಅನುಕೂಲವೆಂದರೆ, ನಮ್ಮ ಕೆಂಪು ರಕ್ತಕಣಗಳು ಪಕ್ವವಾಗುವ ಮುನ್ನವೇ ತಮ್ಮ ಕೋಶಕೇಂದ್ರವನ್ನು ಹೊರಕ್ಕೆ ಚೆಲ್ಲಿಬಿಡುತ್ತವೆ, ಹಕ್ಕಿಯ ಕೆಂಪು ರಕ್ತಕಣಗಳಾದರೋ ಅದನ್ನು ಕಡೆಯವರೆಗೂ ಇಟ್ಟುಕೊಂಡಿರುತ್ತವೆ. ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಡಿ.ಎನ್.ಎ. ಉಳ್ಳ ಕಣಗಳು ಬಿಳಿಯವು ಮಾತ್ರ, ಆರೇಳು ಸಾವಿರ ಇದ್ದಾವು. ಹಕ್ಕಿಯ ಅಷ್ಟೇ ರಕ್ತದಲ್ಲಿ ಮೂವತ್ತು ಲಕ್ಷದ ಆಸುಪಾಸಿನಲ್ಲಿ ಇರುತ್ತವೆ. ಆದುದರಿಂದ ಹದಿನೈದು ಗ್ರಾಂ ತೂಗುವ ಹಕ್ಕಿಯಿಂದ ಅದಕ್ಕೆ ಹಾನಿಯಾಗದಂತೆ ತೆಗೆಯಬಹುದಾದ ಇಪ್ಪತ್ತೈದು ಘನ ಮಿಲಿಮೀಟರ್, ಎಂದರೆ ಒಂದು ಮಳೆಹನಿಯಷ್ಟು ನೆತ್ತರು, ಹತ್ತಾರು ಪರೀಕ್ಷೆಗಳಿಗೆ ಸಾಕಾಗಿ ಇನ್ನೂ ಮಿಗುತ್ತದೆ. ಮಿಗುವುದೆಂಬ ಈ ಒಂದು ಮಾತಿನ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ.

ಹಿಂದೂ ಮಹಾಸಾಗರದಲ್ಲಿ, ಆಫ್ರಿಕದ ಪೂರ್ವಕ್ಕೆ, ಸೇಶೆಲ್ಸ್ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಕಸಿನ್ ಎಂಬುದೊಂದು ದ್ವೀಪ. ವಿಸ್ತೀರ್ಣ 29 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಎಪ್ಪತ್ತೆರಡು ಎಕರೆಯೂ ತುಂಬದು. ನಮ್ಮ ಕಡೆಯ ಒಬ್ಬ ದೊಡ್ಡ ಜಮೀನುದಾರನ ತೋಟ ಅದಕ್ಕಿಂತ ದೊಡ್ಡದಿದ್ದೀತು. ಅದೂ ಒಂದು ಕಾಲಕ್ಕೆ ತೆಂಗಿನ ತೋಟವೇ ಆಗಿದ್ದಿತು. ಸೇಶೆಲ್ಸ್ ಉಲಿಯಕ್ಕಿ ಎಂಬ, ಹಸುರು ಬೆರೆತ ಮಾಸಲು ಕಂದುಬಣ್ಣದ, ನೋಡಲು ಏನೂ ವಿಶೇಷವಿಲ್ಲದ ಹಕ್ಕಿ 1960ರ ದಶಕದಲ್ಲಿ ಇಡೀ ಜಗತ್ತಿನಲ್ಲಿ ಈ ಒಂದು ದ್ವೀಪದಲ್ಲಿ ಮಾತ್ರ, ಅದೂ ಮೂವತ್ತಕ್ಕಿಂತ ಕಡಮೆ ಸಂಖ್ಯೆಯಲ್ಲಿ ಉಳಿದಿದ್ದಿತು. 1968ರಲ್ಲಿ ಅಂತರರಾಷ್ಟ್ರೀಯ ಪಕ್ಷಿಸಂರಕ್ಷಣ ಮಂಡಲಿಯು ದ್ವೀಪವನ್ನೇ ಕ್ರಯಕ್ಕೆ ಕೊಂಡು, ತೆಂಗಿನ ಸಸಿಗಳನ್ನು ಕಿತ್ತು, ಅಲ್ಲಿನ ಸಹಜವಾದ ಕಾಡು ಮತ್ತೆ ಏಳುವಂತೆ ಮಾಡಿತು. ಎಲೆಗಳು ಬಂದುವು, ಎಲೆಯ ಅಡಿಯ ಹುಳುಗಳು ಬಂದುವು, ಹುಳುಗಳನ್ನು ತಿನ್ನುವ ಹಕ್ಕಿಗಳು ಮುನ್ನೂರಕ್ಕೆ ಏರಿದುವು. 1988ರಲ್ಲಿ 29 ಹಕ್ಕಿಗಳನ್ನು ಹಿಡಿದು ಅರೀಡ್ ಎಂಬ ದ್ವೀಪಕ್ಕೂ, ಬಳಿಕ ಒಂದೊಂದಾಗಿ ಇತರ ದ್ವೀಪಗಳಿಗೂ ಒಯ್ದು ಬಿಟ್ಟರು. ಈಗ ಅವುಗಳ ಸಂಖ್ಯೆ ಮೂರು ಸಾವಿರವನ್ನು ದಾಟಿದೆ.

1980ರ ದಶಕದ ನಡುವಿನಿಂದ ಡಚ್ ವಿಜ್ಞಾನಿ ಯಾನ್ ಕಾಮ್‌ಡರ್ ಮತ್ತು ಅವರ ಸಂಗಡಿಗರು ಕಸಿನ್ ದ್ವೀಪದ ಹೆಚ್ಚುಕಡಮೆ ಎಲ್ಲ ಉಲಿಯಕ್ಕಿಗಳಿಗೂ ಕಾಲಿಗೆ ಬಣ್ಣಬಣ್ಣದ ಉಂಗುರಗಳನ್ನು ತೊಡಿಸಿ, ಇಂಥ ಹಕ್ಕಿ ಇಂಥ ಜೋಡಿಯ ಗೂಡಿನಲ್ಲಿ ಹುಟ್ಟಿತು, ಇಂಥಲ್ಲಿ ನೆಲೆಸಿತು, ಇಂತಿಷ್ಟು ಮರಿ ಮಾಡಿತು ಎಂದು ಶಾನುಭೋಗರ ಖಾತೆಯಂತೆ ಬರೆದಿಟ್ಟುಕೊಂಡು ಬಂದಿದ್ದಾರೆ. ಈ ಹಕ್ಕಿಗಳದು ಒಂದು ವಿಚಿತ್ರ ಸ್ವಭಾವ: ರೆಕ್ಕೆಯಿದ್ದೂ ಅವು ಕಡಲನ್ನು ದಾಟವು. ಎರಡು ಕಿಲೋಮೀಟರ್ ಕೂಡ ದೂರವಿರದ, ಕಣ್ಣೆದುರಿಗೇ ಕಾಣುವ ಪಕ್ಕದ ದ್ವೀಪಕ್ಕೂ ಹಾರಿಹೋಗವು. ಇತರ ಕಡೆಗಳಲ್ಲಿ ಒಂದು ಹಕ್ಕಿ ಮರುವರ್ಷ ಕಾಣಿಸದಿದ್ದರೆ ಅದು ಸತ್ತಿತೋ ಬೇರೆ ಊರಿಗೆ ಹೋಯಿತೋ ಎಂಬ ಸಂಶಯ ಬಗೆಹರಿಯುವುದಿಲ್ಲ. ಕಸಿನ್‌ನಲ್ಲಿ ಕಾಣದ ಹಕ್ಕಿ ಸತ್ತ ಹಕ್ಕಿ. ಅಲ್ಲಿ ಬೆಳೆದ ಉಲಿಯಕ್ಕಿಗಳನ್ನು ಹಿಡಿದು ತಿನ್ನುವ ವೈರಿಗಳೂ ಇಲ್ಲ. ಆದುದರಿಂದ ಕೆಲವು ಹದಿನೈದು ವರ್ಷಗಳಿಗೂ ಮೀರಿ ಬದುಕಿ, ನಿಜವಾದ ಮುಪ್ಪಿನಿಂದ ಸಾಯುತ್ತವೆ. ಆಯುಷ್ಯದ ಅಭ್ಯಾಸಕ್ಕೆ ಇದಕ್ಕಿಂತ ಮಿಗಿಲಾದ ತಾಣವನ್ನು ಬೇಕೆಂದು ನಿರ್ಮಿಸಿದರೂ ನಿರ್ಮಿಸಲಾಗದು.

ಹಕ್ಕಿಯನ್ನು ಹಿಡಿದಾಗಲೆಲ್ಲ ಒಂದು ಹನಿ ನೆತ್ತರನ್ನು ತೆಗೆದು ಮದ್ಯಸಾರದಲ್ಲಿ ಇಡುವ ವಾಡಿಕೆ ಅಲ್ಲಿ ಬೆಳೆಯಿತು. ಗಮನಿಸಬೇಕಾದುದು ಇಲ್ಲಿಯೇ: ಆ ನೆತ್ತರನ್ನು ತೆಗೆದವರ ಮನಸ್ಸಿನಲ್ಲಿ ಟೆಲೋಮಿಯರಿನ ಪ್ರಸ್ತಾಪವೇ ಇರಲಿಲ್ಲ. ಗಂಡುಹೆಣ್ಣುಗಳ ರೂಪ ಒಂದೇ ಆದುದರಿಂದ ಲಿಂಗನಿರ್ಣಯಕ್ಕೆ ನೆತ್ತರು ಬೇಕಾಗಿದ್ದಿತು. ಯಾವ ಮರಿಗೆ ಯಾವುದು ತಂದೆ ಎಂಬುದನ್ನು ನಿಷ್ಕರ್ಷಿಸುವುದಕ್ಕೂ ಬೇಕಾಗಿದ್ದಿತು. ಈ ಎರಡನೆಯ ವಿಚಾರಣೆಯಲ್ಲಿ ಹತ್ತು ಮರಿಗಳಲ್ಲಿ ಸುಮಾರು ನಾಲ್ಕರ ತಂದೆ ಗೂಡಿನ ಯಜಮಾನನಲ್ಲವೆಂದು ಹೊರಬಿದ್ದುದು ಬೇರೆಯ ಕಥೆ. ಆ ಕೆಲಸ ಮುಗಿದ ಮೇಲೆ ಮಿಕ್ಕ ನೆತ್ತರನ್ನು ಚೆಲ್ಲಿಬಿಡಬಹುದಾಗಿತ್ತು. ಚೆಲ್ಲಲಿಲ್ಲ. ಬಿತ್ತನೆಯ ಸೋರೆಕಾಯನ್ನು ಅಟ್ಟದ ತೊಲೆಗೆ ತೂಗುಹಾಕಿ, ಯಾವ ವರ್ಷದ ಮಳೆಗೆ ಬೇಕಾದೀತೋ ಎಂದು ಕಾದಿರಿಸುವ ನಮ್ಮ ಅಜ್ಜಿಯರ ಬುದ್ಧಿಯೇ ಅಲ್ಲಿಯೂ ಕೆಲಸಮಾಡಿತು ಎನ್ನಬೇಕು. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಕಂಡುಹಿಡಿದವರನ್ನು ಹೊಗಳುವಷ್ಟು ಕಾಪಿಟ್ಟವರನ್ನು ಹೊಗಳುವುದಿಲ್ಲವೆಂಬುದು ನನಗೆ ಬಹುದಿನದಿಂದ ಇರುವ ಒಂದು ಅಸಮಾಧಾನ.

ಇನ್ನು ಅಳತೆಯ ಮಾತು. ಉದ್ದವನ್ನು ಅಳೆಯುವುದೆಂದರೆ ಗಜಕಡ್ಡಿ ಹಿಡಿದು ಅಳೆಯುವುದೆಂದು ಯಾರೂ ಭಾವಿಸಲಾರರು. ಮೊದಲು ನೆತ್ತರಿನಿಂದ ಡಿ.ಎನ್.ಎ.ಯನ್ನು ಬಿಡಿಸಬೇಕು. ಗಷ್ಟಿನಿಂದ ಸೂಜಿಮೊನೆಯಷ್ಟನ್ನು ತೆಗೆದು, ಮದ್ಯಸಾರ ಆರಲು ಬಿಟ್ಟು, ಜೀವಕೋಶದ ಪೊರೆಯನ್ನು ಕರಗಿಸುವ ದ್ರವದಲ್ಲಿಯೂ ಸಸಾರಜನಕವನ್ನು ಜೀರ್ಣಿಸುವ ಕಿಣ್ವದಲ್ಲಿಯೂ ರಾತ್ರಿಯೆಲ್ಲ ಬೆಚ್ಚಗೆ ಇಟ್ಟು, ಲವಣ ಸೇರಿಸಿ ಕಲ್ಮಷವನ್ನು ಕೆಳಗಿಳಿಸಿ, ಮೇಲಿನ ತಿಳಿಗೆ ತಣ್ಣನೆಯ ಮದ್ಯಸಾರವನ್ನು ಎರೆದು ನಳಿಗೆಯನ್ನು ಮೆಲ್ಲಗೆ ಅತ್ತಿತ್ತ ಹೊರಳಿಸಿದರೆ, ಗಂಜಿಯಲ್ಲಿ ಎಳೆ ಬಂದಂತೆ ಬೆಳ್ಳನೆಯ ಒಂದು ತಂತು ಸುರುಳಿಸುರುಳಿಯಾಗಿ ಮೂಡುತ್ತದೆ. ಅದೇ ಆ ಹಕ್ಕಿಯ ಡಿ.ಎನ್.ಎ. ಇಲ್ಲಿ ಅವಸರ ಸಲ್ಲದು. ಜೋರಾಗಿ ಕುಲುಕಿದರೆ ಎಳೆ ತುಂಡಾಗುತ್ತದೆ, ತುಂಡಾದ ಎಳೆಯ ಉದ್ದವನ್ನು ಅಳೆದು ಫಲವೇನು?

ಅಳೆಯುವ ಮಾರ್ಗಗಳಲ್ಲಿ ಮುಖ್ಯವಾದುವು ಎರಡು. ಹಳೆಯ ಮಾರ್ಗ ಕತ್ತರಿಯದು. ಕೆಲವು ಕಿಣ್ವಗಳು ಒಂದು ನಿರ್ದಿಷ್ಟವಾದ ಅಕ್ಷರಕ್ರಮವನ್ನು ಕಂಡಲ್ಲೆಲ್ಲ ಎಳೆಯನ್ನು ಕತ್ತರಿಸುತ್ತವೆ. ಟೆಲೋಮಿಯರಿನ ಆರಕ್ಷರದ ಜಪದಲ್ಲಿ ಆ ಕ್ರಮ ಬರುವುದೇ ಇಲ್ಲವಾದುದರಿಂದ, ಉಳಿದುದೆಲ್ಲ ಚೂರುಚೂರಾದರೂ ತುದಿಗಳು ಇಡಿಯಾಗಿ ಉಳಿಯುತ್ತವೆ. ಅವನ್ನು ಅಗರೋಸ್ ಎಂಬ ಗೊಜ್ಜಿನಂಥ ಹಲ್ಲೆಯಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದರೆ ಗಿಡ್ಡ ತುಂಡುಗಳು ಬೇಗನೆ ಓಡಿ ಮುಂದೆ ಹೋಗುತ್ತವೆ, ಉದ್ದದವು ತಡವರಿಸುತ್ತ ಹಿಂದೆ ಉಳಿಯುತ್ತವೆ. ಟೆಲೋಮಿಯರನ್ನು ಮಾತ್ರ ಹಿಡಿದುಕೊಳ್ಳುವ ಒಂದು ಗುರುತಿನ ತುಣುಕನ್ನು ಹಚ್ಚಿದಾಗ ಹಲ್ಲೆಯ ಮೇಲೆ ಕಾಡಿಗೆ ಒರಸಿದಂಥ ಒಂದು ಉದ್ದನೆಯ ಮಸಿ ಕಾಣುತ್ತದೆ; ಅದರ ಹರವಿನಿಂದ ಸರಾಸರಿ ಉದ್ದವನ್ನು ಎಣಿಸುವರು. ಇದು ನಂಬಿಕೆಗೆ ಅರ್ಹವಾದ ಮಾರ್ಗ, ಆದರೆ ನಿಧಾನದ್ದು. ಅದಕ್ಕೆ ಮುರಿಯದ ಡಿ.ಎನ್.ಎ. ಹೇರಳವಾಗಿ ಬೇಕು.

ಹೊಸ ಮಾರ್ಗವನ್ನು 2002ರಲ್ಲಿ ರಿಚರ್ಡ್ ಕಾಥನ್ ಮನುಷ್ಯರ ರಕ್ತಕ್ಕಾಗಿ ರೂಪಿಸಿದನು. ಪಿ.ಸಿ.ಆರ್. ಎಂಬ ಯಂತ್ರದಲ್ಲಿ ಡಿ.ಎನ್.ಎ.ಯ ಬೇಕಾದ ಭಾಗವನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ, ಚದುರಂಗದ ಮನೆಗಳಲ್ಲಿ ಕಾಳು ಇಟ್ಟಂತೆ ಇಮ್ಮಡಿಸುತ್ತ ಹೋಗಬಹುದು. ಹತ್ತು ಸುತ್ತು ಮುಗಿಯುವಾಗ ಒಂದು ಸಾವಿರದ ಇಪ್ಪತ್ತನಾಲ್ಕಾಗಿರುತ್ತದೆ. ಜೊತೆಗೆ ಜೋಡಿ ಎಳೆಗೆ ಅಂಟಿಕೊಂಡಾಗ ಮಾತ್ರ ಬೆಳಗುವ ಒಂದು ಬಣ್ಣವನ್ನು ಬೆರೆಸಿದರೆ, ಯಾವ ಸುತ್ತಿನಲ್ಲಿ ಬೆಳಕು ಗೊತ್ತಾದ ಮಟ್ಟವನ್ನು ಮುಟ್ಟಿತು ಎಂಬುದನ್ನು ಯಂತ್ರವೇ ಬರೆದಿಡುತ್ತದೆ. ಮೊದಲು ಹೆಚ್ಚು ಇದ್ದದ್ದು ಬೇಗನೆ ಮುಟ್ಟುತ್ತದೆ, ಕಡಮೆ ಇದ್ದದ್ದು ತಡವಾಗಿ. ಒಂದೇ ನೆತ್ತರಿನ ಡಿ.ಎನ್.ಎ.ಯಲ್ಲಿ ಟೆಲೋಮಿಯರನ್ನು ಒಮ್ಮೆಯೂ, ಎಲ್ಲ ಹಕ್ಕಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿರುವ ಒಂದು ಗುಣಾಣುವನ್ನು ಇನ್ನೊಮ್ಮೆಯೂ ಹೀಗೆ ಇಮ್ಮಡಿಸಿ, ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ, ಕೈತಪ್ಪಿ ಡಿ.ಎನ್.ಎ. ಒಂದಿಷ್ಟು ಹೆಚ್ಚುಕಡಮೆ ಬಿದ್ದಿದ್ದರೂ ಆ ದೋಷ ಕಳೆದುಹೋಗುತ್ತದೆ. ದೊರೆಯುವುದು ಇಂತಿಷ್ಟು ಉದ್ದ ಎಂಬ ಸಂಖ್ಯೆಯಲ್ಲ, ಈ ಹಕ್ಕಿಯದು ಆ ಹಕ್ಕಿಯದಕ್ಕಿಂತ ಇಷ್ಟು ಪಾಲು ಹೆಚ್ಚು ಎಂಬ ಪ್ರಮಾಣ ಮಾತ್ರ. ತೊಂಬತ್ತಾರು ಗುಳಿಗಳ ಒಂದೊಂದು ತಟ್ಟೆಯಲ್ಲಿಯೂ ಒಂದೇ ಹಕ್ಕಿಯ ನೆತ್ತರನ್ನು ತೂಕದ ಬಟ್ಟಿನಂತೆ ಇಟ್ಟು, ಇಂದಿನ ತಟ್ಟೆಯನ್ನು ನಿನ್ನೆಯದರೊಡನೆ ಸರಿತೂಗಿಸುವರು.

ಹಕ್ಕಿಗಳಲ್ಲಿ ಇದಕ್ಕೊಂದು ವಿಶೇಷವಾದ ತೊಡಕು ಉಂಟು. ಅವುಗಳ ವರ್ಣತಂತುಗಳಲ್ಲಿ ಟಿ ಟಿ ಎ ಜಿ ಜಿ ಜಿ ಎಂಬ ಪದ ತುದಿಯಲ್ಲಿ ಮಾತ್ರವಲ್ಲದೆ ನಡುನಡುವೆಯೂ, ಸೆರಗಿನ ಕುಚ್ಚು ಸೀರೆಯ ಒಡಲಲ್ಲಿಯೂ ಕಾಣಿಸಿಕೊಂಡಂತೆ, ಅಲ್ಲಲ್ಲಿ ಬರುತ್ತದೆ. ಪಿ.ಸಿ.ಆರ್. ಯಂತ್ರಕ್ಕೆ ಈ ವಿವೇಚನೆಯಿಲ್ಲ. ಅದು ಎಲ್ಲವನ್ನೂ ಎಣಿಸಿಬಿಡುತ್ತದೆ. ನಡುವಿನವು ವಯಸ್ಸಿನೊಡನೆ ಸವೆಯುವುದಿಲ್ಲ. ಒಂದೇ ಹಕ್ಕಿಯ ಎಳವೆಯ ನೆತ್ತರನ್ನೂ ಮುಪ್ಪಿನ ನೆತ್ತರನ್ನೂ ಹೋಲಿಸುವಾಗ ಈ ಸ್ಥಿರವಾದ ಅಂಶ ಎರಡರಲ್ಲಿಯೂ ಸಮವಾಗಿದ್ದು ಅಷ್ಟೇನೂ ಬಾಧಿಸದು. ಒಂದು ಹಕ್ಕಿಯನ್ನು ಇನ್ನೊಂದರೊಡನೆ, ಅದಕ್ಕಿಂತ ಹೆಚ್ಚಾಗಿ ಒಂದು ಜಾತಿಯನ್ನು ಇನ್ನೊಂದು ಜಾತಿಯೊಡನೆ ಹೋಲಿಸಹೊರಟವರು ಎಡವುವುದು ಇಲ್ಲಿ. ಕತ್ತರಿಯ ಮಾರ್ಗದಲ್ಲಾದರೋ ಎಳೆಗಳನ್ನು ಬೇರ್ಪಡಿಸದೆಯೇ ಗುರುತು ಹಚ್ಚುವ ಜಾಣತನದಿಂದ ತುದಿಯನ್ನು ಮಾತ್ರ ಹಿಡಿಯಬಹುದು.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದ ತೊಡಕು ಬೇರೊಂದು. ಕಾಪಿಟ್ಟ ನೆತ್ತರಿಗೂ ಮುಪ್ಪು ಬರುತ್ತದೆ. ಮದ್ಯಸಾರ ಆರಿದರೆ, ಶೈತ್ಯಪೆಟ್ಟಿಗೆಯ ವಿದ್ಯುತ್ತು ನಿಂತರೆ, ಕರಗಿ ಮತ್ತೆ ಹೆಪ್ಪುಗಟ್ಟಿದರೆ, ಅಥವಾ ಬರಿದೆ ಬಹುವರ್ಷ ಕಳೆದರೂ, ಡಿ.ಎನ್.ಎ. ಅಲ್ಲಲ್ಲಿ ಮುರಿಯುತ್ತದೆ; ಮುರಿದುದು ಗಿಡ್ಡವಾಗಿ ತೋರುತ್ತದೆ. ಈಗ ಓದುಗರು ಒಂದು ಕ್ಷಣ ಯೋಚಿಸಬೇಕು. ಒಂದೇ ಹಕ್ಕಿಯಿಂದ 1995ರಲ್ಲಿ, ಅದು ಮರಿಯಾಗಿದ್ದಾಗ, ಒಂದು ಹನಿಯನ್ನೂ, 2007ರಲ್ಲಿ, ಅದು ಮುದಿಯಾದಾಗ, ಇನ್ನೊಂದು ಹನಿಯನ್ನೂ ತೆಗೆದಿಟ್ಟಿದ್ದೇವೆಂದು ಇಟ್ಟುಕೊಳ್ಳೋಣ. ಎರಡನ್ನೂ 2010ರಲ್ಲಿ ಒಟ್ಟಿಗೆ ಅಳೆದರೆ, ಹಕ್ಕಿಯ ಎಳವೆಯ ನೆತ್ತರೇ ನಳಿಗೆಯಲ್ಲಿ ಹೆಚ್ಚು ಹಳತಾದ ನೆತ್ತರು, ಮುಪ್ಪಿನ ನೆತ್ತರೇ ಹೊಸತು. ಹಕ್ಕಿಯೊಳಗಿನ ಸವೆತ ಒಂದು ದಿಕ್ಕಿಗೆ ಎಳೆದರೆ ನಳಿಗೆಯೊಳಗಿನ ಸವೆತ ಅದಕ್ಕೆ ಎದುರಾದ ದಿಕ್ಕಿಗೆ ಎಳೆಯುತ್ತದೆ. ಎಚ್ಚರ ತಪ್ಪಿದವನಿಗೆ ಹಕ್ಕಿ ಮುದಿಯಾಗುತ್ತ ಹೋದಂತೆ ಅದರ ಟೆಲೋಮಿಯರು ಬೆಳೆಯಿತೆಂದೇ ತೋರಬಹುದು! ಅದಕ್ಕಾಗಿಯೇ ಅಳೆಯುವ ಮುನ್ನ ಪ್ರತಿಯೊಂದು ಡಿ.ಎನ್.ಎ.ಯನ್ನೂ ಹಲ್ಲೆಯಲ್ಲಿ ಓಡಿಸಿ, ಅದು ಒತ್ತಾದ ಒಂದೇ ಗೆರೆಯಾಗಿ ನಿಂತಿದೆಯೋ, ಬಾಲ ಚಾಚಿದ ಮಸಿಯಾಗಿ ಹರಡಿದೆಯೋ ಎಂದು ನೋಡುವರು. ಹರಡಿದುದನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕುವರು. ನೆತ್ತರು ಎಷ್ಟು ವರ್ಷ ನಳಿಗೆಯಲ್ಲಿದ್ದಿತು ಎಂಬುದನ್ನೂ ಗಣಿತದೊಳಕ್ಕೆ ಸೇರಿಸುವರು. ಒಂದೇ ಹಕ್ಕಿಯ ನೆತ್ತರನ್ನು ಕಾಗದದ ಮೇಲೆ ಒಣಗಿಸಿ ಇಟ್ಟರೆ ಒಂದು ಅಳತೆ, ದ್ರವದಲ್ಲಿ ಹೆಪ್ಪುಗಟ್ಟಿಸಿ ಇಟ್ಟರೆ ಇನ್ನೊಂದು ಅಳತೆ ಬಂದೀತಾದುದರಿಂದ, ಮೊದಲಿನಿಂದ ಕಡೆಯವರೆಗೂ ಒಂದೇ ವಿಧಾನವನ್ನು ಹಿಡಿದು ಹೋಗಬೇಕು. ಈ ಶಿಸ್ತಿಲ್ಲದ ಅಳತೆಗಳನ್ನು ನಾನಂತೂ ನಂಬೆನು.

ಶಿಸ್ತಿನಿಂದ ಅಳೆದವರಿಗೆ ದೊರೆತುದೇನು? 2013ರಲ್ಲಿ ಕಸಿನ್ ದ್ವೀಪದ ಹಳೆಯ ನಳಿಗೆಗಳನ್ನು ತೆರೆದು ಅಳೆದ ವಿಜ್ಞಾನಿಗಳು, ಟೆಲೋಮಿಯರು ಗಿಡ್ಡವಾಗಿದ್ದ ಹಕ್ಕಿಗಳೂ ಅದು ವೇಗವಾಗಿ ಸವೆಯುತ್ತಿದ್ದ ಹಕ್ಕಿಗಳೂ ಬೇಗನೆ ಸತ್ತುವೆಂದೂ, ಸಾವನ್ನು ಮುನ್ಸೂಚಿಸುವುದರಲ್ಲಿ ಈ ಅಳತೆ ಹಕ್ಕಿಯ ವಯಸ್ಸಿಗಿಂತ ಮೇಲೆಂದೂ ಪ್ರಕಟಿಸಿದರು. ಅವರಿಗೆ ಸಾವಿನ ದಿನ ಗೊತ್ತಿದ್ದಿತು, ಏಕೆಂದರೆ ಖಾತೆ ಬರೆದಿಟ್ಟಿದ್ದರು. ಇನ್ನೂ ಮುಂದೆ, 2019ರಲ್ಲಿ, ಅದೇ ನೆತ್ತರಿನಿಂದ ಮನೆತನದ ಒಂದು ಸಂಗತಿ ಹೊರಟಿತು. ಈ ಉಲಿಯಕ್ಕಿಗಳಲ್ಲಿ ಬೆಳೆದ ಮಕ್ಕಳು, ಹೆಚ್ಚಾಗಿ ಹೆಣ್ಣುಮಕ್ಕಳು, ತವರಿನಲ್ಲಿಯೇ ಉಳಿದು ತಮ್ಮಂದಿರಿಗೂ ತಂಗಿಯರಿಗೂ ಹುಳು ತಂದು ಉಣಿಸುವುದುಂಟು; ಹಾಗೆ ನೆರವಿಗರಿದ್ದ ಮನೆಯ ವಯಸ್ಸಾದ ತಾಯಿಹಕ್ಕಿಗಳ ಟೆಲೋಮಿಯರಿನ ಸವೆತ ಕಡಮೆಯಾಗಿದ್ದಿತು, ಅವು ಬದುಕಿದುದೂ ಹೆಚ್ಚು. ಕೂಡುಕುಟುಂಬದಲ್ಲಿ ಬೆಳೆದ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಅತ್ತೆಯ ಕಡೆಯಿಂದ ನೋಡುವುದೋ ಸೊಸೆಯ ಕಡೆಯಿಂದಲೋ ಎಂಬುದು ಅವರವರಿಗೆ ಬಿಟ್ಟದ್ದು.

ಸ್ವೀಡನ್ ದೇಶದ ಕ್ವಿಸ್ಮಾರೆನ್ ಸರೋವರದ ಜೊಂಡಿನಲ್ಲಿ ಗೂಡು ಕಟ್ಟಿ ಚಳಿಗಾಲಕ್ಕೆ ಆಫ್ರಿಕಕ್ಕೆ ಹೋಗುವ ಇನ್ನೊಂದು ದೊಡ್ಡ ಉಲಿಯಕ್ಕಿಯ ವಿಷಯದಲ್ಲಿಯೂ 1980ರ ದಶಕದಿಂದ ಇಂಥದೇ ಖಾತೆ ನಡೆದುಬಂದಿದೆ. ಅವುಗಳಲ್ಲಿ ಹಲವಕ್ಕೆ ಆಫ್ರಿಕದಲ್ಲಿ ಮಲೇರಿಯಾ ತಗಲುತ್ತದೆ; ಮೊದಲ ಜ್ವರ ತಗ್ಗಿದ ಮೇಲೆ ಅದು ನೆತ್ತರಿನಲ್ಲಿ ಕೆಂಡ ಬೂದಿ ಮುಚ್ಚಿದಂತೆ ಜೀವಮಾನವೆಲ್ಲ ಇರುತ್ತದೆ, ಹಕ್ಕಿಯೂ ಹಾಡುತ್ತ ಗೂಡು ಕಟ್ಟುತ್ತ ಆರೋಗ್ಯವಾಗಿಯೇ ಕಾಣುತ್ತದೆ. ನೆತ್ತರನ್ನು ಅಳೆದಾಗ ಬೇರೆಯದೇ ತಿಳಿಯಿತು: ಸೋಂಕಿದ ಹಕ್ಕಿಗಳ ಟೆಲೋಮಿಯರು ಬೇಗ ಸವೆಯುತ್ತಿದ್ದಿತು, ಅವು ಅಲ್ಪಾಯುಗಳಾಗಿದ್ದುವು, ಮಾಡಿದ ಮರಿಗಳೂ ಕಡಮೆ. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಮನುಷ್ಯರ ದೀರ್ಘಕಾಲದ ಲಘುರೋಗಗಳ ಬಗ್ಗೆಯೂ ಚಿಂತೆಗೆ ಹಚ್ಚುವಂಥದು. ಪಂಜರದ ಹಕ್ಕಿಗಳಲ್ಲಿ ನಡೆದ ಅಭ್ಯಾಸಗಳಲ್ಲಿ ಗ್ಲಾಸ್ಗೊ ವಿಶ್ವವಿದ್ಯಾನಿಲಯದ್ದು ಪ್ರಸಿದ್ಧವಾದುದು: ಝೀಬ್ರಾ ಫಿಂಚ್ ಎಂಬ 99 ಹಕ್ಕಿಗಳ ನೆತ್ತರನ್ನು ಇಪ್ಪತ್ತೈದನೆಯ ದಿನದಿಂದ ಮೊದಲುಮಾಡಿ ಆಗಾಗ ತೆಗೆದು, ಅವು ತಾವಾಗಿ ಸಾಯುವವರೆಗೂ ಕಾದರು. ಕೆಲವು ಏಳು ತಿಂಗಳಿಗೇ ಸತ್ತುವು, ಕೆಲವು ಸುಮಾರು ಒಂಬತ್ತು ವರ್ಷ ಬದುಕಿದುವು. ಆಯುಷ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದುದು ಇಪ್ಪತ್ತೈದನೆಯ ದಿನದ ಆ ಮೊದಲನೆಯ ಹನಿ.

ಇದನ್ನು ಕೇಳಿದವರಿಗೆ ಹಣೆಬರಹದ ನೆನಪಾಗುವುದು ಸಹಜ. ಆದರೆ ಹಣೆಬರಹವನ್ನು ಅಳಿಸಿ ಬರೆಯಲಾಗದೆಂಬುದು ನಮ್ಮವರ ನಂಬಿಕೆ. ಈ ಬರಹವಾದರೋ ಹಸಿವೆ, ರೋಗ, ಜಗಳ, ನೆರವು ಇವುಗಳಿಂದ ತಿದ್ದುಪಡಿಯಾಗುತ್ತ ಹೋಗುತ್ತದೆ. ಲೀಚ್ ಎಂಬವನ ಹೆಸರು ಹೊತ್ತ ಒಂದು ಕಡಲಹಕ್ಕಿ, ನಲವತ್ತೈದು ಗ್ರಾಂ ತೂಗುವ ಸ್ಟಾರ್ಮ್ ಪೆಟ್ರೆಲ್, ಮೂವತ್ತು ವರ್ಷಗಳಿಗೂ ಹೆಚ್ಚು ಬದುಕಬಲ್ಲುದು. ಅದರಲ್ಲಿ ವಯಸ್ಸಾದಂತೆ ಟೆಲೋಮಿಯರು ಉದ್ದವಾಗಿಯೇ ಕಂಡುಬಂದಿತು. ಕಸಿನ್‌ನ ಉಲಿಯಕ್ಕಿಗಳಲ್ಲಿಯೂ ಕೆಲವೊಮ್ಮೆ, ಅಳತೆಯ ತಪ್ಪೆಂದು ಹೇಳಿ ಮುಗಿಸಲಾಗದಷ್ಟು, ಅದು ಬೆಳೆದಿದೆ. ತುದಿ ಸವೆದುದರಿಂದ ಹಕ್ಕಿ ಸತ್ತಿತೋ, ಹಕ್ಕಿಯನ್ನು ಕೊಂದ ಕಷ್ಟಗಳೇ ತುದಿಯನ್ನೂ ಸವೆಸಿದುವೋ ಎಂಬ ವಾದ ಇನ್ನೂ ನಡೆದಿದೆ. ನನಗೆ ಎರಡನೆಯದೇ ಹೆಚ್ಚು ಸಮಂಜಸವಾಗಿ ತೋರುತ್ತದೆ: ಚಪ್ಪಲಿಯ ಅಟ್ಟೆ ಸವೆದುದನ್ನು ಕಂಡು ಇವನು ಬಹುದೂರ ನಡೆದವನೆಂದು ಹೇಳಬಹುದು, ಆದರೆ ಅವನ ಆಯಾಸಕ್ಕೆ ಅಟ್ಟೆಯೇ ಕಾರಣವೆನ್ನುವುದು ಸರಿಯಲ್ಲ.

ನಮ್ಮಲ್ಲಿಯೂ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ಒಂದು ಪರಂಪರೆಯಿದೆ, ಅದರ ಬೇರು ನಮ್ಮ ಮಲೆನಾಡನ್ನೂ ಮುಟ್ಟುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಸ್ ರಷ್ಯದ ಒಂದು ರೋಗದ ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆಯ ಹಕ್ಕಿಗಳ ಮೈಮೇಲಿನ ಉಣುಗುಗಳು ಅದನ್ನು ತಂದಿರಬಹುದೇ ಎಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸತೊಡಗಿದುದಕ್ಕೆ ಈ ಸಂಶಯವೂ ಒಂದು ಪ್ರೇರಣೆ. ಸಂಶಯ ಉಳಿಯಲಿಲ್ಲ, ಉಂಗುರಗಳು ಉಳಿದುವು. ಮಂಗೋಲಿಯಾದಲ್ಲಿ ಕೊರಳುಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಈಗಲೂ ಚಳಿಗಾಲದಲ್ಲಿ ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಸಿಗುತ್ತವೆ. ನೆತ್ತರು ತೆಗೆಯುವುದು ಸರ್ಕಾರದ ಅನುಮತಿ ಪಡೆದ ತಜ್ಞರ ಕೆಲಸ, ನಮ್ಮ ನಿಮ್ಮಂಥವರು ಅದಕ್ಕೆ ಕೈಹಾಕಬಾರದು. ಆದರೆ ಖಾತೆಯ ಕೊನೆಯ ಸಾಲನ್ನು, ಹಕ್ಕಿ ಎಂದು ಎಲ್ಲಿ ಸತ್ತಿತು ಎಂಬುದನ್ನು, ಬರೆಯುವ ಅವಕಾಶ ಹೆಚ್ಚಾಗಿ ಒದಗುವುದು ನಮ್ಮ ನಿಮ್ಮಂಥವರಿಗೇ. ಕೆರೆಯ ಏರಿಯ ಮೇಲೋ ಗದ್ದೆಯ ಬದುವಿನಲ್ಲೋ ಕಾಲಿಗೆ ಲೋಹದ ಉಂಗುರವಿರುವ ಹಕ್ಕಿ ಸತ್ತು ಬಿದ್ದುದನ್ನು ಕಂಡರೆ, ಉಂಗುರದ ಮೇಲಿನ ಅಕ್ಷರಗಳನ್ನೂ ಸಂಖ್ಯೆಯನ್ನೂ ಒಂದೂ ಬಿಡದೆ ನೋಡಿ, ಸ್ಥಳವನ್ನೂ ತಾರೀಖನ್ನೂ ಸೇರಿಸಿ ಬರೆದುಕೊಂಡು, ಅದರ ಮೇಲೆಯೇ ಕೆತ್ತಿರುವ ಸಂಸ್ಥೆಯ ವಿಳಾಸಕ್ಕೆ ದಯವಿಟ್ಟು ಕಳುಹಿಸಿಕೊಡಿ.